ಓದುಗರ ಪ್ರಶ್ನೆ: ಮಕ್ಕಳ ಪುಸ್ತಕಕ್ಕೆ ಸಿಗುವ ರಿಯಾಯಿತಿ

ಮಕ್ಕಳಿಗಾಗಿ ಮತ್ತು ಹದಿಹರೆಯದವರಿಗಾಗಿ ಬರುತ್ತಿರುವ ಹೊಸ ಕನ್ನಡ ಪುಸ್ತಕಗಳ ವಿಮರ್ಶೆಯ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಉತ್ತರ ಕನ್ನಡ ಜಿಲ್ಲೆಯವೇ ಹೆಚ್ಚಾಗಿದ್ದುದರಿಂದ ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಶಾಲೆ ಬಿಟ್ಟ ಮೇಲೆ ಮಕ್ಕಳು ಬರುತ್ತಾರೆ. ಊರಿನ ದಾನಿಗಳು ಕೊಟ್ಟ ಸಣ್ಣ ಮೊತ್ತದಲ್ಲಿ ವರ್ಷಕ್ಕೊಮ್ಮೆ ಹೊಸ ಪುಸ್ತಕ ಕೊಳ್ಳುತ್ತೇನೆ. ಪತ್ರಿಕೆಗಳಲ್ಲಿ ಬಂದ ವಿಮರ್ಶೆ ನೋಡಿ ತರಿಸಿದ ಪುಸ್ತಕಗಳಲ್ಲಿ ಹಲವನ್ನು ಮಕ್ಕಳು ಮುಟ್ಟುವುದೇ ಇಲ್ಲ. ಎಲ್ಲ ವಿಮರ್ಶೆಗಳಲ್ಲೂ ಹೊಗಳಿಕೆಯೇ ಇರುವಾಗ ಯಾವುದನ್ನು ನಂಬಬೇಕು?
— ಗ್ರಂಥಾಲಯ ಮೇಲ್ವಿಚಾರಕಿ, ಶಿರಸಿ ತಾಲ್ಲೂಕು

ಉತ್ತರ: ನೀವು ವಿಮರ್ಶೆ ಎಂದು ಓದುತ್ತಿರುವ ಬರಹಗಳಲ್ಲಿ ಹೆಚ್ಚಿನವು ಪುಸ್ತಕ ಪರಿಚಯಗಳು. ಪತ್ರಿಕೆಯ ಕಚೇರಿಗೆ ಬಂದ ಪುಸ್ತಕ ಮೊದಲು ‘ಸಾದರ ಸ್ವೀಕಾರ’ದ ಪಟ್ಟಿಯಲ್ಲಿ ಬೆಲೆ, ಪುಟಗಳೊಂದಿಗೆ ಕಾಣಿಸಿಕೊಳ್ಳುತ್ತದೆ, ಅದೃಷ್ಟವಿದ್ದರೆ ಕೆಲವು ವಾರಗಳ ನಂತರ ಭಾನುವಾರದ ಪುರವಣಿಯ ಮೂಲೆಯಲ್ಲಿ ಅದಕ್ಕೆ ಇನ್ನೂರು ಮುನ್ನೂರು ಪದಗಳ ಜಾಗ ಸಿಗುತ್ತದೆ. ಅಷ್ಟರಲ್ಲಿ ಕಥೆಯ ಸಾರಾಂಶ ಹೇಳಿ, ಲೇಖಕರ ಹಿಂದಿನ ಕೃತಿಗಳನ್ನು ನೆನೆದು, ಮುನ್ನುಡಿಯ ಒಂದು ಸಾಲನ್ನು ಎತ್ತಿಕೊಂಡು, ಶುಭ ಹಾರೈಸುವ ಹೊತ್ತಿಗೆ ಜಾಗ ಮುಗಿದಿರುತ್ತದೆ. ಬರೆಯುವವರು ಹೆಚ್ಚಾಗಿ ಸ್ವತಃ ಮಕ್ಕಳ ಸಾಹಿತಿಗಳೇ ಆಗಿರುತ್ತಾರೆ. ಈ ವಲಯ ಚಿಕ್ಕದು. ಇಂದು ವಿಮರ್ಶೆ ಬರೆದವರ ಪುಸ್ತಕವನ್ನು ನಾಳೆ ಇಂದಿನ ಲೇಖಕರೇ ಬಿಡುಗಡೆ ಮಾಡಬೇಕಾಗಬಹುದು. ಸುಮ್ಮನೆ ನಿಷ್ಠುರ ಕಟ್ಟಿಕೊಳ್ಳಲು ಯಾರಿಗೂ ಮನಸ್ಸಿಲ್ಲ.

ಇದಕ್ಕಿಂತ ಆಳವಾದ ಇನ್ನೊಂದು ಕಾರಣವಿದೆ. ‘ಮಕ್ಕಳಿಗಾಗಿ ಬರೆಯುವವರೇ ಇಲ್ಲದ ಕಾಲದಲ್ಲಿ ಇವರು ಬರೆದಿದ್ದಾರಲ್ಲ, ಅದೇ ದೊಡ್ಡದು’ ಎಂಬ ಮಾತನ್ನು ಬಿಡುಗಡೆ ಸಮಾರಂಭಗಳಲ್ಲಿ ನೀವೂ ಕೇಳಿರುತ್ತೀರಿ. ದೊಡ್ಡವರ ಕಾದಂಬರಿಯಲ್ಲಿ ಪಾತ್ರ ಸಡಿಲವಾಗಿದ್ದರೆ, ಸಂಭಾಷಣೆ ಕೃತಕವಾಗಿದ್ದರೆ ಎತ್ತಿ ಹೇಳುವ ಅದೇ ವಿಮರ್ಶಕರು ಮಕ್ಕಳ ಪುಸ್ತಕವನ್ನು ಕೈಗೆತ್ತಿಕೊಂಡ ಕೂಡಲೇ ಅಳತೆಗೋಲನ್ನು ಪಕ್ಕಕ್ಕಿಡುತ್ತಾರೆ. ಈ ರಿಯಾಯಿತಿಯನ್ನು ಕೊಡುವುದು ಲೇಖಕರಿಗೆ. ಅದರ ಬೆಲೆ ತೆರುವವರು ಮಕ್ಕಳು ಮತ್ತು ನಿಮ್ಮಂಥ ಗ್ರಂಥಾಲಯಗಳು. ನನ್ನ ಮಟ್ಟಿಗೆ ಹೇಳುವುದಾದರೆ, ಮಕ್ಕಳ ಪುಸ್ತಕಕ್ಕೆ ತೋರಿಸುವ ಈ ಔದಾರ್ಯ ಮಕ್ಕಳಿಗೆ ತೋರಿಸುವ ಅಗೌರವವೇ ಸರಿ.

ನಂಬಬಹುದಾದ ವಿಮರ್ಶೆಯನ್ನು ಗುರುತಿಸಲು ಒಂದು ಉಪಾಯವಿದೆ. ಪುಸ್ತಕವನ್ನು ತೆರೆಯದೆ ಬರೆಯಲು ಸಾಧ್ಯವೇ ಇಲ್ಲದ ಒಂದು ವಾಕ್ಯವಾದರೂ ಅದರಲ್ಲಿದೆಯೇ ಎಂದು ನೋಡಿ. ‘ಸರಳ ಭಾಷೆ, ಸುಂದರ ಚಿತ್ರಗಳು, ಉತ್ತಮ ಸಂದೇಶ’ ಎಂಬುದನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು. ಒಂದು ಪುಟದ ಚಿತ್ರ ಕಥೆ ಹೇಳದ್ದನ್ನು ಹೇಗೆ ಹೇಳುತ್ತಿದೆ, ಯಾವ ಅಧ್ಯಾಯದಲ್ಲಿ ಕಥೆ ಎಳೆದಾಡುತ್ತದೆ, ಅಜ್ಜಿ ಮತ್ತು ಮೊಮ್ಮಗ ಒಂದೇ ಧಾಟಿಯಲ್ಲಿ ಮಾತನಾಡುತ್ತಾರೆಯೇ ಎಂಬಂಥ ಮಾತುಗಳು ಓದಿದವರಿಂದ ಮಾತ್ರ ಬರುತ್ತವೆ. ಚಿತ್ರಕಾರರ ಹೆಸರನ್ನು ವಿಮರ್ಶೆ ಬಿಟ್ಟಿದೆಯೇ ಎಂಬುದನ್ನೂ ಗಮನಿಸಿ. ಚಿತ್ರಪುಸ್ತಕದಲ್ಲಿ ಅರ್ಧ ಕೆಲಸ ಚಿತ್ರದ್ದೇ ಆಗಿರುವಾಗ ಆ ಹೆಸರನ್ನೇ ಬಿಟ್ಟ ವಿಮರ್ಶಕರು ಅರ್ಧ ಪುಸ್ತಕವನ್ನಷ್ಟೇ ನೋಡಿದ್ದಾರೆ ಎಂದುಕೊಂಡರೆ ತಪ್ಪಾಗದು. ಕಟ್ಟು, ಕಾಗದ, ಅಕ್ಷರದ ಗಾತ್ರಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಆದರೆ ಶಿರಸಿಯ ಮಳೆಗಾಲದಲ್ಲಿ ಪಿನ್ನಿಗೆ ತುಕ್ಕು ಹಿಡಿದು ನಡುಹಾಳೆ ಕಳಚಿಬಂದ ಪುಸ್ತಕಗಳು ನಿಮ್ಮ ಕಪಾಟಿನಲ್ಲೂ ಇರಲೇಬೇಕು.

ವಿವರಗಳ ನಿಖರತೆಯನ್ನು ನೋಡುವುದೂ ವಿಮರ್ಶಕರ ಕೆಲಸವೇ. ಉದಾಹರಣೆಗೆ, ಜುಲೈ ತಿಂಗಳ ಜಡಿಮಳೆಯಲ್ಲಿ ಅಪ್ಪ ಟ್ರಾಲರ್ ಬೋಟಿನಲ್ಲಿ ಮೀನಿಗೆ ಹೋಗಿ ಬಿರುಗಾಳಿಗೆ ಸಿಕ್ಕಿಕೊಳ್ಳುವ ಒಂದು ಕಥೆಯನ್ನು ಊಹಿಸಿಕೊಳ್ಳೋಣ. ಪಶ್ಚಿಮ ಕರಾವಳಿಯಲ್ಲಿ ಜೂನ್ 1 ರಿಂದ ಜುಲೈ 31 ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕಾರವಾರದ ಬೈತಖೋಲ ಬಂದರಿನ ಪಕ್ಕದಲ್ಲಿ ಬೆಳೆದ ಮಗುವಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಥೆಯಲ್ಲಿ ಕಲ್ಪನೆಗೆ ಅವಕಾಶವಿಲ್ಲವೇ ಎಂದು ಕೇಳಬಹುದು, ಖಂಡಿತ ಇದೆ. ಅಪ್ಪ ಹೋದದ್ದು ನಾಡದೋಣಿಯಲ್ಲಿ ಎಂದಾದರೆ ಕಥೆ ನಂಬುವಂತಿರುತ್ತದೆ. ನಿಷೇಧ ಮೀರಿ ಹೋದ ಎಂದಾದರೆ ಅದು ಇನ್ನೂ ಗಟ್ಟಿಯಾದ ಬೇರೆಯೇ ಕಥೆಯಾಗುತ್ತದೆ, ಏಕೆಂದರೆ ಮನೆಯಲ್ಲಿ ಕಾಯುತ್ತಿರುವ ಮಗನಿಗೆ ಬಿರುಗಾಳಿಯ ಭಯದ ಜೊತೆಗೆ ಯಾರಿಗೂ ಹೇಳಲಾಗದ ಗುಟ್ಟೊಂದೂ ಸೇರಿಕೊಳ್ಳುತ್ತದೆ. ವಿವರವನ್ನು ಗಮನಿಸದ ಲೇಖಕರು ಕಳೆದುಕೊಂಡದ್ದು ಈ ಸಾಧ್ಯತೆಯನ್ನು, ಮತ್ತು ವಿಮರ್ಶೆ ಎತ್ತಿ ತೋರಿಸಬೇಕಾದದ್ದೂ ಅದನ್ನೇ. ದಾಂಡೇಲಿಯ ಕಾಡಿನ ಕಥೆಯಲ್ಲಿ ಗೂಡಿನಲ್ಲಿ ಮೊಟ್ಟೆಯಿರುವಾಗ ಗಂಡು ಹೆಣ್ಣು ಮಂಗಟ್ಟೆ ಹಕ್ಕಿಗಳೆರಡೂ ಜೊತೆಯಾಗಿ ಹಾರಿಹೋದರೂ ಇದೇ ಮಾತು ಅನ್ವಯಿಸುತ್ತದೆ: ಆ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ತನ್ನನ್ನೇ ಮುಚ್ಚಿಕೊಂಡಿರುತ್ತದೆ, ಗಂಡು ಸಂದಿಯಿಂದ ಅದಕ್ಕೆ ಹಣ್ಣು ಉಣಿಸುತ್ತಿರುತ್ತದೆ. ನಿಜವೇ ಇಷ್ಟು ಸೊಗಸಾಗಿರುವಾಗ ಕಥೆಗಾರರು ಅದನ್ನು ಬಿಟ್ಟುಕೊಡುವುದು ನಷ್ಟದ ವ್ಯಾಪಾರ.

ಕೊಳ್ಳುವ ವಿಷಯಕ್ಕೆ ಬಂದರೆ, ಸಾಧ್ಯವಾದಲ್ಲೆಲ್ಲ ಇಡೀ ಪುಸ್ತಕವನ್ನು ಓದಿಯೇ ತರಿಸಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015 ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳನ್ನು ಹಣ ಕೊಡದೆ ಪೂರ್ತಿಯಾಗಿ ಓದಬಹುದು. ಅಲ್ಲಿ ಪುಸ್ತಕಗಳನ್ನು ಓದಿನ ನಾಲ್ಕು ಹಂತಗಳಾಗಿ ವಿಂಗಡಿಸಿರುವುದರಿಂದ ಆಯ್ಕೆಯೂ ಸುಲಭವಾಗುತ್ತದೆ. ಇನ್ನೊಂದು ವಿಮರ್ಶೆ ನಿಮ್ಮ ಮೇಜಿನ ಮೇಲೆಯೇ ಇದೆ. 2020 ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾದಾಗ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಆ ಮಕ್ಕಳು ಯಾವ ಪುಸ್ತಕವನ್ನು ಎಷ್ಟು ಸಲ ಒಯ್ದರು, ಯಾವುದನ್ನು ಮರುದಿನವೇ ತಂದು ಹಿಂದಿರುಗಿಸಿದರು ಎಂಬುದು ನಿಮ್ಮ ವಹಿಯಲ್ಲಿ ದಾಖಲಾಗಿದ್ದರೆ ದಯವಿಟ್ಟು ಅದನ್ನು ಬರೆದು ನಮಗೆ ಕಳುಹಿಸಿ. ಪ್ರಕಟಿಸುತ್ತೇವೆ.

ಪ್ರಶ್ನೆ: ನನ್ನ ಮೊದಲ ಶಿಶುಪ್ರಾಸಗಳ ಸಂಕಲನಕ್ಕೆ ಪತ್ರಿಕೆಯೊಂದರಲ್ಲಿ ‘ಲಯ ಎಡವುತ್ತದೆ, ಉಪದೇಶ ಹೆಚ್ಚಾಗಿದೆ’ ಎಂಬ ವಿಮರ್ಶೆ ಬಂದಿದೆ. ಪುಟ್ಟ ಮಕ್ಕಳು ಛಂದಸ್ಸು ಲೆಕ್ಕ ಹಾಕುತ್ತಾರೆಯೇ? ಹೊಸಬರ ಬಗ್ಗೆ ವಿಮರ್ಶಕರು ಸ್ವಲ್ಪ ಸಹಾನುಭೂತಿಯಿಂದ ಇರಬೇಕಲ್ಲವೇ?
— ಪ್ರಾಥಮಿಕ ಶಾಲಾ ಶಿಕ್ಷಕರು, ಕುಮಟಾ

ಉತ್ತರ: ಮಕ್ಕಳು ಲೆಕ್ಕ ಹಾಕುವುದಿಲ್ಲ, ನಿಜ, ಆದರೆ ಲಯ ತಪ್ಪಿದಲ್ಲಿ ಹಾಡುವುದನ್ನು ನಿಲ್ಲಿಸುತ್ತಾರೆ. ಓದಲು ಬಾರದ ಮೂರು ವರ್ಷದ ಮಗುವಿಗೆ ಪದ್ಯವೆಂದರೆ ಕಿವಿಯ ಮೇಲೆ ಬೀಳುವ ತಾಳವೇ ಹೊರತು ಹಾಳೆಯ ಮೇಲಿನ ಅಕ್ಷರವಲ್ಲ. ಪಂಜೆ ಮಂಗೇಶರಾಯರ ಮತ್ತು ಜಿ.ಪಿ. ರಾಜರತ್ನಂ ಅವರ ಪದ್ಯಗಳು ತಲೆಮಾರುಗಳ ಬಾಯಲ್ಲಿ ಉಳಿದಿರುವುದು ಅವುಗಳ ನೀತಿಗಾಗಿ ಅಲ್ಲ, ಒಂದು ಸಲ ನಾಲಿಗೆಗೆ ಬಂದರೆ ಬಿಡದ ನಡಿಗೆಗಾಗಿ. ನಿಮ್ಮ ಜಿಲ್ಲೆಯವರೇ ಆದ ಅಂಕೋಲೆಯ ದಿನಕರ ದೇಸಾಯಿಯವರು ಚುಟುಕುಗಳ ಜೊತೆಗೆ ಮಕ್ಕಳಿಗಾಗಿಯೂ ಬರೆದರು; ನಾಲ್ಕು ಸಾಲಿನ ಚುಟುಕಿಗೆ ಅವರು ಕೊಟ್ಟ ಹದ ಮಕ್ಕಳ ಪದ್ಯಕ್ಕೂ ಬೇಕಾದದ್ದೇ.

ನಿಮ್ಮ ಪದ್ಯಗಳನ್ನು ಇಲ್ಲಿ ಉದ್ಧರಿಸುವುದು ಸರಿಯಲ್ಲವಾದ್ದರಿಂದ ನಾನೇ ಕಟ್ಟಿದ ಎರಡು ಸಾಲು ತೆಗೆದುಕೊಳ್ಳೋಣ:

ದೋಣಿಯು ತೀರಕೆ ಮೀನನು ತಂತು
ಅಮ್ಮನ ಬುಟ್ಟಿಗೆ ಬೆಳ್ಳಿಯು ಬಂತು

ಕಾವ್ಯಗುಣ ಏನೂ ಹೆಚ್ಚಿಲ್ಲ, ಆದರೆ ಪ್ರತಿ ಸಾಲೂ ನಾಲ್ಕು ನಾಲ್ಕು ಮಾತ್ರೆಗಳ ಮೂರು ಗಣಗಳಲ್ಲಿ ನಡೆದು, ಕೊನೆಯ ಮೂರು ಮಾತ್ರೆಯ ನಂತರ ಉಸಿರು ತೆಗೆದುಕೊಳ್ಳುವಷ್ಟು ಬಿಡುವು ಕೊಡುತ್ತದೆ. ಚಪ್ಪಾಳೆ ತಟ್ಟುತ್ತ ಹೇಳಬಹುದು. ಈಗ ಎರಡನೆಯ ಸಾಲನ್ನು ‘ಅಮ್ಮನ ಬುಟ್ಟಿಯಲ್ಲಿ ಪೌಷ್ಟಿಕಾಂಶ ಬಂತು’ ಎಂದು ಬದಲಿಸಿ ನೋಡಿ. ‘ಬುಟ್ಟಿಯಲ್ಲಿ’ ಎಂಬಲ್ಲಿ ಆರು ಮಾತ್ರೆ, ‘ಪೌಷ್ಟಿಕಾಂಶ’ ಎಂಬಲ್ಲಿ ಮತ್ತೆ ಆರು. ಚಪ್ಪಾಳೆ ಎಲ್ಲಿ ಬೀಳಬೇಕೆಂದು ಗೊತ್ತಾಗದೆ ಮಗುವಿನ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಉಪದೇಶ ಒಳಗೆ ಬಂದದ್ದೂ ಲಯ ಹೊರಗೆ ಹೋದದ್ದೂ ಒಂದೇ ಬಾಗಿಲಿನಿಂದ ಎಂಬುದನ್ನು ಗಮನಿಸಿ. ನಿಮ್ಮ ವಿಮರ್ಶಕರು ಎರಡು ದೋಷಗಳೆಂದು ಹೇಳಿರುವುದು ಬಹುಶಃ ಒಂದೇ ದೋಷ.

ಸಹಾನುಭೂತಿ ಧಾಟಿಯಲ್ಲಿರಲಿ, ತೀರ್ಮಾನದಲ್ಲಿ ಬೇಡ. ಆ ವಿಮರ್ಶೆಯ ಬಗ್ಗೆ ನನ್ನದೂ ಒಂದು ಆಕ್ಷೇಪವಿದೆ: ನೀವು ಕಳುಹಿಸಿದ ತುಣುಕಿನಲ್ಲಿ ಲಯ ಎಲ್ಲಿ ಎಡವಿತೆಂಬುದಕ್ಕೆ ಒಂದು ಸಾಲಿನ ಉದಾಹರಣೆಯೂ ಇಲ್ಲ. ತಪ್ಪನ್ನು ತೋರಿಸದೆ ತಪ್ಪಿದೆ ಎನ್ನುವ ವಿಮರ್ಶೆ ಲೇಖಕರಿಗೆ ನೋವು ಕೊಡುತ್ತದೆಯೇ ಹೊರತು ತಿದ್ದಿಕೊಳ್ಳಲು ದಾರಿ ಕೊಡುವುದಿಲ್ಲ.

ಪ್ರಶ್ನೆ: ಮಗಳಿಗೆ ಹದಿನಾಲ್ಕು ವರ್ಷ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಒಂದು ವಿಷಯ. ಇಂಗ್ಲಿಷ್ ಕಾದಂಬರಿಗಳನ್ನು ಒಂದರ ಹಿಂದೊಂದು ಓದುತ್ತಾಳೆ. ‘ಹದಿಹರೆಯದವರು ಓದಲೇಬೇಕು’ ಎಂದು ವಿಮರ್ಶೆಯಲ್ಲಿ ಬರೆದಿದ್ದ ಕನ್ನಡ ಪುಸ್ತಕವನ್ನು ತಂದುಕೊಟ್ಟರೆ ಹತ್ತು ಪುಟ ಓದಿ ‘ಪಪ್ಪಾ, ಇದು ಸಣ್ಣ ಮಕ್ಕಳದ್ದು’ ಎಂದಳು. ತಪ್ಪು ಯಾರದು?
— ಬ್ಯಾಂಕ್ ಉದ್ಯೋಗಿ, ಕಾರವಾರ

ಉತ್ತರ: ನಿಮ್ಮ ಮಗಳದಂತೂ ಅಲ್ಲ. ಕನ್ನಡದಲ್ಲಿ ‘ಮಕ್ಕಳ ಸಾಹಿತ್ಯ’ ಎಂಬ ಒಂದೇ ಚಪ್ಪರದ ಕೆಳಗೆ ಅಂಗನವಾಡಿಯಿಂದ ಪಿಯುಸಿಯವರೆಗಿನ ಎಲ್ಲರನ್ನೂ ಕೂರಿಸಲಾಗಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010 ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರವೂ 9 ರಿಂದ 16 ವರ್ಷದವರ ಪುಸ್ತಕಗಳನ್ನು ಒಟ್ಟಿಗೇ ಪರಿಗಣಿಸುತ್ತದೆ. ಒಂಬತ್ತರ ಹುಡುಗ ಮತ್ತು ಹದಿನಾರರ ಹುಡುಗಿ ಒಂದೇ ಪುಸ್ತಕವನ್ನು ಒಂದೇ ಕಾರಣಕ್ಕೆ ಮೆಚ್ಚುವುದು ಅಪರೂಪ. ಅಮೆರಿಕದಲ್ಲಿ 1922 ರಿಂದ ನ್ಯೂಬೆರಿ ಪದಕ ಹದಿನಾಲ್ಕು ವರ್ಷದವರೆಗಿನ ಮಕ್ಕಳ ಪುಸ್ತಕಗಳಿಗೆ ಸಲ್ಲುತ್ತಿದೆ. ಹದಿಹರೆಯದವರ ಪುಸ್ತಕಗಳಿಗೆಂದೇ 2000 ದಿಂದ ಪ್ರಿಂಟ್ಜ್ ಪ್ರಶಸ್ತಿಯನ್ನು ಪ್ರತ್ಯೇಕವಾಗಿ ಕೊಡಲಾಗುತ್ತಿದೆ. ಪ್ರಶಸ್ತಿ ಬೇರೆಯಾದಾಗ ತೀರ್ಪುಗಾರರೂ ಬೇರೆಯಾಗುತ್ತಾರೆ, ಅವರು ಕೇಳುವ ಪ್ರಶ್ನೆಗಳೂ ಬೇರೆಯಾಗುತ್ತವೆ.

ನಮ್ಮ ವಿಮರ್ಶಕರು ಹದಿಹರೆಯದ ಪುಸ್ತಕಕ್ಕೆ ಮೊದಲು ಕೇಳುವ ಪ್ರಶ್ನೆ ‘ಇದನ್ನು ಮಕ್ಕಳ ಕೈಗೆ ಕೊಡಬಹುದೇ?’ ಎಂಬುದು. ಪ್ರೀತಿ, ಜಾತಿ, ಮೈ ಬದಲಾಗುವುದು, ಮನೆಯೊಳಗಿನ ಜಗಳ, ಸಾವು ಇವುಗಳಲ್ಲಿ ಒಂದು ಬಂದರೂ ಬರಹದ ಧಾಟಿ ಬದಲಾಗಿ, ಪುಸ್ತಕ ಹೇಗಿದೆ ಎಂಬ ಮಾತು ಹಿಂದಕ್ಕೆ ಸರಿಯುತ್ತದೆ. ಅನುಮತಿ ಕೊಡುವುದು ಮನೆಯವರ, ಶಾಲೆಯವರ ಕೆಲಸ. ವಿಮರ್ಶಕರು ನೋಡಬೇಕಾದದ್ದು ಕಥೆಯ ನಾಯಕಿ ತನ್ನ ನಿರ್ಧಾರವನ್ನು ತಾನೇ ತೆಗೆದುಕೊಳ್ಳುತ್ತಾಳೆಯೇ, ಅದರ ಪರಿಣಾಮವನ್ನು ಎದುರಿಸುತ್ತಾಳೆಯೇ, ಅಥವಾ ಕೊನೆಯ ಅಧ್ಯಾಯದಲ್ಲಿ ಮೇಷ್ಟ್ರೋ ಮಾವನೋ ಬಂದು ಎಲ್ಲವನ್ನೂ ಸರಿಮಾಡಿಬಿಡುತ್ತಾರೆಯೇ ಎಂಬುದನ್ನು. ನಿಮ್ಮ ಮಗಳು ಹತ್ತನೆಯ ಪುಟದಲ್ಲಿ ಪುಸ್ತಕ ಮುಚ್ಚಿದ್ದಕ್ಕೆ, ಮುಂದೆ ಆ ಮಾವ ಬಂದೇ ಬರುತ್ತಾನೆಂದು ಅವಳಿಗೆ ಆಗಲೇ ವಾಸನೆ ಹತ್ತಿದ್ದೂ ಕಾರಣವಾಗಿರಬಹುದು.

ಕಾರವಾರದಲ್ಲೇ ಒಂದು ವಸ್ತು ಕಾಯುತ್ತಿದೆ. ಸೀಬರ್ಡ್ ನೌಕಾನೆಲೆಗೆ 1986 ರಲ್ಲಿ ಶಂಕುಸ್ಥಾಪನೆಯಾಗಿ, ಮುಂದೆ ಅದಕ್ಕಾಗಿ ಕಡಲಂಚಿನ ಊರುಗಳು ಖಾಲಿಯಾದವು. ಊರು ಬಿಟ್ಟವರ ಮೊಮ್ಮಕ್ಕಳು ಈಗ ನಿಮ್ಮ ಮಗಳ ವಯಸ್ಸಿನವರು. ಆ ಬಗ್ಗೆ ಹದಿಹರೆಯದವರಿಗಾಗಿ ಕಾದಂಬರಿಯೊಂದು ಬಂದರೆ ವಿಮರ್ಶಕರು ‘ವಸ್ತು ಮಹತ್ವದ್ದು’ ಎಂದು ಹೇಳಿ ಕೈತೊಳೆದುಕೊಳ್ಳುವ ಅಪಾಯ ಖಂಡಿತ ಇದೆ. ಹುಡುಗಿ ಅಜ್ಜನ ಹಳೆಯ ಮನೆಯ ಜಾಗವನ್ನು ತನ್ನ ಕಣ್ಣಿನಿಂದ ನೋಡುತ್ತಾಳೆಯೇ, ಇಲ್ಲವೇ ಲೇಖಕರ ಭಾಷಣವನ್ನು ಅವಳ ಬಾಯಿಂದ ಆಡಿಸಲಾಗಿದೆಯೇ ಎಂಬುದನ್ನು ನೋಡದಿದ್ದರೆ ಅದು ವಿಮರ್ಶೆಯಾಗುವುದಿಲ್ಲ. ಭಾಷೆಯ ಪ್ರಶ್ನೆಯೂ ಇದೆ. ಮನೆಯಲ್ಲಿ ಕೊಂಕಣಿ, ಬಂದರಿನಲ್ಲಿ ಇನ್ನೊಂದು ಬಗೆಯ ಕನ್ನಡ, ತರಗತಿಯಲ್ಲಿ ಪಠ್ಯದ ಕನ್ನಡ ಕೇಳುತ್ತ ಬೆಳೆದ ಹುಡುಗಿಗೆ ಕಾರವಾರದ ಗೆಳತಿಯರು ಪರಸ್ಪರ ಗ್ರಾಂಥಿಕ ಕನ್ನಡದಲ್ಲಿ ಮಾತನಾಡುವ ಪುಸ್ತಕ ಸುಳ್ಳೆನಿಸದೆ ಇರದು. ಆಡುಮಾತು ಬಂದ ಕಡೆ ‘ಬೇರೆ ಜಿಲ್ಲೆಯ ಮಕ್ಕಳಿಗೆ ಅರ್ಥವಾಗುವುದು ಕಷ್ಟ’ ಎಂದು ಬರೆಯುವ ವಿಮರ್ಶಕರು, ಅದೇ ಮಕ್ಕಳು ಇಂಗ್ಲಿಷ್ ಕಾದಂಬರಿಯಲ್ಲಿ ಎಂದೂ ಕಾಣದ ತಿಂಡಿಗಳ ಹೆಸರುಗಳನ್ನು ಹೇಗೆ ಸಲೀಸಾಗಿ ದಾಟಿಕೊಂಡು ಹೋಗುತ್ತಾರೆ ಎಂಬುದನ್ನು ಯೋಚಿಸಲಿ.

ಇಷ್ಟಾದರೂ ಪರಿಸ್ಥಿತಿ ಪೂರ್ತಿ ಬರಡಾಗಿಲ್ಲ. ಬಾಲ ಸಾಹಿತ್ಯ ಪುರಸ್ಕಾರ 2021 ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ ಕೃತಿಗೂ, 2022 ರಲ್ಲಿ ನಿಮ್ಮದೇ ಜಿಲ್ಲೆಯ ಸಿದ್ದಾಪುರದ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ ಕೃತಿಗೂ ಬಂತು, ಎರಡೂ ಕಾದಂಬರಿಗಳು. ಬಿಡಿ ಕಥೆ ಮತ್ತು ಪದ್ಯಗಳೇ ಮಕ್ಕಳ ಸಾಹಿತ್ಯ ಎಂಬ ರೂಢಿ ಸಡಿಲವಾಗುತ್ತಿರುವುದಕ್ಕೆ ಇದನ್ನು ಸೂಚನೆಯೆಂದು ತೆಗೆದುಕೊಳ್ಳಬಹುದು. ಇದರ ಜೊತೆಗೆ, ‘ಹದಿಹರೆಯದವರಿಗೆ’ ಎಂಬ ಚೀಟಿ ಅಂಟಿಸದ ಪುಸ್ತಕಗಳನ್ನೂ ಅವಳ ಕೈಗೆ ಸಿಗುವಂತೆ ಇಡಿ. ಹನೇಹಳ್ಳಿಯ ಯಶವಂತ ಚಿತ್ತಾಲರ, ಗೋಕರ್ಣದ ಜಯಂತ ಕಾಯ್ಕಿಣಿಯವರ ಕೆಲವು ಸಣ್ಣಕಥೆಗಳಿಗೆ ಹದಿನಾಲ್ಕರ ಓದುಗರು ನೇರವಾಗಿ ದಾಟಬಲ್ಲರು. ‘ಓದಲೇಬೇಕು’ ಎಂದು ಮಾತ್ರ ಹೇಳಬೇಡಿ. ಆ ವಿಮರ್ಶೆ ಮಾಡಿದ ಕೆಟ್ಟ ಕೆಲಸ ಅದೊಂದೇ ಸಾಕು.

ಪ್ರಶ್ನೆ: ನಮ್ಮ ತಾಲ್ಲೂಕಿನ ತುಳಸಿ ಗೌಡರಂಥ ಸಾಧಕರ ಬಗ್ಗೆ ಮಕ್ಕಳಿಗಾಗಿ ಬರೆಯುವ ಪುಸ್ತಕಗಳನ್ನು ವಿಮರ್ಶಕರು ಟೀಕಿಸಬಹುದೇ? ಟೀಕಿಸಿದರೆ ಅವರಿಗೇ ಅವಮಾನ ಮಾಡಿದಂತಾಗುವುದಿಲ್ಲವೇ?
— ನಿವೃತ್ತ ಮುಖ್ಯಾಧ್ಯಾಪಕರು, ಅಂಕೋಲಾ

ಉತ್ತರ: ಆಗುವುದಿಲ್ಲ. ವ್ಯಕ್ತಿ ಬೇರೆ, ಪುಸ್ತಕ ಬೇರೆ. ಜೀವನಚಿತ್ರಗಳ ವಿಮರ್ಶೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಸಾಧಕರ ಗುಣಗಾನವೇ ಇದ್ದು, ಪುಸ್ತಕದ ಬಗ್ಗೆ ‘ಮಕ್ಕಳಿಗೆ ಸ್ಫೂರ್ತಿದಾಯಕ’ ಎಂಬ ಒಂದೇ ಪದ ಇರುವುದನ್ನು ನೀವು ನೋಡಿರಬಹುದು. ತುಳಸಿ ಗೌಡರು ಹಾಲಕ್ಕಿ ಸಮುದಾಯದವರು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದವರು, 2020 ರ ಪದ್ಮಶ್ರೀ ಪುರಸ್ಕೃತರು ಎಂಬುದಷ್ಟೇ ಪುಸ್ತಕದಲ್ಲಿದ್ದರೆ ಅದು ಪ್ರಮಾಣಪತ್ರದಂತೆ ಓದಿಸಿಕೊಳ್ಳುತ್ತದೆ. ಮಗುವಿನ ಕುತೂಹಲ ಬೇರೆ ಕಡೆ ಇರುತ್ತದೆ: ಬೀಜಕ್ಕೆ ತಕ್ಕ ತಾಯಿಮರವನ್ನು ಕಾಡಿನಲ್ಲಿ ಅವರು ಹೇಗೆ ಗುರುತಿಸುತ್ತಿದ್ದರು, ಬೀಜವನ್ನು ಯಾವಾಗ ಆರಿಸಬೇಕೆಂದು ಅಕ್ಷರ ಕಲಿಯದೆ ಹೇಗೆ ತಿಳಿದರು, ಅವರ ದಿನಗೂಲಿ ಎಷ್ಟಿತ್ತು? ಕೂಲಿಯ ಪ್ರಶ್ನೆಯನ್ನು ದೊಡ್ಡವರು ಮುಚ್ಚಿಡುತ್ತಾರೆ, ಮಕ್ಕಳು ಮೊದಲು ಕೇಳುವುದೇ ಅದನ್ನು. ಚಿತ್ರಗಳಲ್ಲಿ ಹಾಲಕ್ಕಿ ಹೆಂಗಸರ ಉಡುಗೆಯನ್ನೂ ಮಣಿಸರವನ್ನೂ ನೋಡಿ ಬರೆದಿದ್ದಾರೆಯೇ, ಯಾವುದೋ ಊರಿನ ‘ಬುಡಕಟ್ಟು ಮಹಿಳೆ’ಯ ಮಾದರಿಯನ್ನು ತಂದು ನಿಲ್ಲಿಸಿದ್ದಾರೆಯೇ ಎಂಬುದನ್ನು ಅಂಕೋಲೆಯ ವಿಮರ್ಶಕರು ಹೇಳದಿದ್ದರೆ ಇನ್ಯಾರು ಹೇಳಬೇಕು?

ಪ್ರಶ್ನೆ: ನಾನು ಒಂಬತ್ತನೆಯ ತರಗತಿ. ಶಾಲೆಯ ಭಿತ್ತಿಪತ್ರಿಕೆಗೆ ಒಂದು ಹೊಸ ಪುಸ್ತಕದ ಬಗ್ಗೆ ‘ನನಗೆ ಇಷ್ಟವಾಗಲಿಲ್ಲ’ ಎಂದು ಬರೆದೆ. ಹಿರಿಯರ ಪುಸ್ತಕದ ಬಗ್ಗೆ ಹಾಗೆ ಬರೆಯಬಾರದೆಂದು ಹೇಳಿ ತೆಗೆಸಿದರು. ನಾನು ಬರೆದದ್ದು ತಪ್ಪೇ?
— ವಿದ್ಯಾರ್ಥಿನಿ, ಶಿರಸಿ

ಉತ್ತರ: ತಪ್ಪಲ್ಲ, ಆದರೆ ನೀನು ಬರೆದದ್ದು ಅರ್ಧ ಮಾತ್ರ. ಇಷ್ಟವಾಗಲಿಲ್ಲ ಎಂಬ ಮಾತಿಗೆ ಆಧಾರ ಕೊಟ್ಟಿದ್ದರೆ ತೆಗೆಸುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಎಷ್ಟನೆಯ ಪುಟದಲ್ಲಿ ಬೇಸರ ಶುರುವಾಯಿತು, ಯಾವ ಸಾಲನ್ನು ನಂಬಲು ಆಗಲಿಲ್ಲ, ಆ ಪಾತ್ರದ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ ಎಂದು ಬರೆ. ಚೆನ್ನಾಗಿದ್ದ ಒಂದು ಜಾಗ ಇದ್ದರೆ ಅದನ್ನೂ ಬಿಡಬೇಡ. ಶಿಕ್ಷಕರನ್ನು ಸಮಾಧಾನಪಡಿಸಲು ಅಲ್ಲ, ಪುಸ್ತಕದಲ್ಲಿ ಅದು ನಿಜವಾಗಿಯೂ ಇದೆಯೆಂಬ ಕಾರಣಕ್ಕೆ. ಲೇಖಕರು ಎಷ್ಟು ಹಿರಿಯರು, ಎಷ್ಟು ಪ್ರಶಸ್ತಿ ಪಡೆದವರು ಎಂಬುದು ನಿನ್ನ ಬರಹದೊಳಗೆ ಬರಬೇಕಾಗಿಲ್ಲ. ಹೊಸದಾಗಿ ಬರೆದು ಮೊದಲು ನಿನ್ನ ಶಿಕ್ಷಕರಿಗೇ ತೋರಿಸು. ಆಧಾರವಿರುವ ಬರಹವನ್ನು ಅವರು ಒಪ್ಪಬಹುದು. ಆಗಲೂ ಭಿತ್ತಿಪತ್ರಿಕೆಯಲ್ಲಿ ಜಾಗ ಸಿಗದಿದ್ದರೆ, ಒಂದು ಪುಟ ಮೀರದಂತೆ, ಪುಸ್ತಕದ ಹೆಸರು, ಚಿತ್ರಕಾರರ ಹೆಸರು ಮತ್ತು ಬೆಲೆಯ ಸಮೇತ ನಮಗೆ ಕಳುಹಿಸು.